ಡಬ್ಬಿಯೊಳಗಿನ ಸೊನ್ನೆ

ರಾಣೆಬೆನ್ನೂರು
೫ ಆಗಸ್ಟ್ ೨೦೨೪

ಅಪ್ಪನಿಗೆ,

ಬುತ್ತಿಯ ಡಬ್ಬಿಯಲ್ಲಿ ಕಾಗದ ಬಂತಲ್ಲ ಎಂದು ಹುಬ್ಬು ಏರಿಸಬೇಡ. ಇದು ಅವ್ವನ ತೀರ್ಪು. ನಿನ್ನೆ ಅವಳು ಫೋನಿನಲ್ಲಿ, "ನೀವಿಬ್ರೂ ಫೋನ್ ಹಿಡದ್ರ ಜಗಳಾನ ಆಡ್ತೀರಿ. ಏನಿದ್ರೂ ಬರದು ಡಬ್ಬ್ಯಾಗ ಇಡ್ರಿ. ಬರಿಯೂಮುಂದ ನಡುವ ಬಾಯಿ ಹಾಕಾಕ ಬರೂದಿಲ್ಲ" ಎಂದಳು. ಬ್ಯಾಡಗಿಯಿಂದ ದಿನಾ ನನ್ನ ಬುತ್ತಿ ತಂದುಕೊಡುವ ಕಂಡಕ್ಟರ್ ಶಮಶೇರಸಾಬರು ಸಂಜೆ ಡಬ್ಬಿ ಒಯ್ಯುವಾಗ ಇದನ್ನೂ ಒಯ್ಯುತ್ತಾರೆ.

ಯುಗಾದಿಯ ದಿನ ನೆಂಟರ ಮುಂದೆ ನೀನು, "ಖೋಖೋ ಬಿಟ್ಟು ಓಡಿದಾಕಿ ಇಕಿ. ಕ್ಲಾಸಿನ್ಯಾಗರ ಎಷ್ಟ ದಿನ ನಿಲ್ತಾಳ ನೋಡೂಣು" ಎಂದೆ. ಅವತ್ತಿನಿಂದ ನಾನು ಮನೆಗೆ ಬಂದಿಲ್ಲ. ಅದನ್ನು ಕೆದಕಲು ಬರೆಯುತ್ತಿಲ್ಲ. ನಿನ್ನ ಸಹಾಯ ಬೇಕಾಗಿದೆ.

ಪಾಲಿಟೆಕ್ನಿಕ್‌ನಲ್ಲಿ ಈ ಸಲ ನನಗೆ ಕಂಪ್ಯೂಟರಿನ ಒಳರಚನೆಯ ಪಾಠ ಕೊಟ್ಟಿದ್ದಾರೆ. ಯಂತ್ರದ ಹೊಟ್ಟೆಯೊಳಗೆ ಏನೇನಿದೆ, ಯಾವುದು ಯಾವುದರ ಮಾತು ಕೇಳುತ್ತದೆ ಎಂಬ ವಿಷಯ. ನನಗಂತೂ ಇದಕ್ಕಿಂತ ಚೆಂದದ ವಿಷಯ ಇನ್ನೊಂದಿಲ್ಲ. ಬ್ಯಾಂಕಿನ ಕೆಲಸ, ಆಸ್ಪತ್ರೆಯ ಸ್ಕ್ಯಾನು, ಶಮಶೇರಸಾಬರ ಕೈಯ ಟಿಕೆಟ್ ಯಂತ್ರ, ಎಲ್ಲದರ ಒಳಗೂ ನಡೆಯುವುದು ಒಂದೇ. ಒಂದು ಆಜ್ಞೆಯನ್ನು ತರುವುದು, ಅದೇನೆಂದು ತಿಳಿಯುವುದು, ಅದನ್ನು ಮಾಡುವುದು. ಮತ್ತೆ ಮುಂದಿನದನ್ನು ತರುವುದು. ಇಷ್ಟರಿಂದಲೇ ಇಷ್ಟೆಲ್ಲ ಆಗುತ್ತದಲ್ಲ ಎಂದು ಪ್ರತಿ ಸಲ ಓದಿದಾಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ನನ್ನ ಕ್ಲಾಸು ನಿದ್ದೆ ಮಾಡುತ್ತದೆ. ಮೊದಲ ಪರೀಕ್ಷೆಯಲ್ಲಿ ಅರ್ಧ ಜನ ಬಿಳಿ ಹಾಳೆ ಕೊಟ್ಟರು. ಅಕ್ಟೋಬರಿನ ಪರೀಕ್ಷೆಯೂ ಹೀಗೇ ಆದರೆ ವಿಷಯವನ್ನು ಬೇರೆಯವರಿಗೆ ಕೊಡುತ್ತೇವೆ ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದಾರೆ. ಮಕ್ಕಳು ದಡ್ಡರಲ್ಲ ಅಪ್ಪ. ಗುತ್ತಲ, ಕರ್ಜಗಿ ಕಡೆಯಿಂದ ಬೆಳಗ್ಗೆ ಬಸ್ಸಿಗೆ ಜೋತುಬಿದ್ದು ಬರುವವರು. ಕಣ್ಣಿಗೆ ಕಾಣದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಎಂದರೆ ಯಾರಿಗಾದರೂ ಆಕಳಿಕೆ ಬರುತ್ತದೆ. ಅದಕ್ಕೇ ಮಕ್ಕಳನ್ನೇ ಮೈದಾನದಲ್ಲಿ ನಿಲ್ಲಿಸಿ ಒಂದು ಕಂಪ್ಯೂಟರ್ ಮಾಡಬೇಕೆಂದಿದ್ದೇನೆ. ಸೀಟಿಗೆ ಸರಿಯಾಗಿ ಹೆಜ್ಜೆ ಇಡಿಸುವುದು ಹೈಸ್ಕೂಲಿನ ಡ್ರಿಲ್ ಮಾಸ್ತರರಿಗೆ ಗೊತ್ತು, ನನಗೆ ಗೊತ್ತಿಲ್ಲ. ನಿನ್ನ ಸೀಟಿ ಕೊಡುತ್ತೀಯಾ?

ನಿನ್ನ ಮಗಳು,
ದ್ರಾಕ್ಷಾಯಿಣಿ

*

ಬ್ಯಾಡಗಿ
೮ ಆಗಸ್ಟ್ ೨೦೨೪

ದ್ರಾಕ್ಷಿಗೆ,

ನನ್ನ ಸೀಟಿ ಕೇಳಬೇಡ. ಅದು ನನ್ನ ಹಲ್ಲಿಗೆ ಹೊಂದಿಕೊಂಡಿದೆ, ಬೇರೆಯವರು ಊದಿದರೆ ಮುನಿಸಿಕೊಳ್ಳುತ್ತದೆ. ಹೊಸದೊಂದು ಕೊಂಡು ರೊಟ್ಟಿಗಳ ನಡುವೆ ಇಟ್ಟಿದ್ದೇನೆ. ಕಡಕ್ ರೊಟ್ಟಿ ಎಂದು ಕಡಿದುಬಿಟ್ಟೀಯ, ಹುಷಾರು.

ನಿನ್ನ ಕಾಗದವನ್ನು ಸ್ಟಾಫ್ ರೂಮಿಗೆ ಒಯ್ದು ಓದಿದೆ. ಗಣಿತದವರು ತಲೆದೂಗಿದರು. ಅವರಿಗೂ ಪೂರ್ತಿ ತಿಳಿಯಲಿಲ್ಲ ಎಂದು ತಲೆದೂಗಿದ ರೀತಿಯಲ್ಲೇ ಗೊತ್ತಾಯಿತು. ನನಗಂತೂ ಅನುಮಾನಗಳ ಸರಮಾಲೆ. ಇಷ್ಟೆಲ್ಲ ಮಾಡುವ ಯಂತ್ರಕ್ಕೆ ಬುದ್ಧಿ ಎಲ್ಲಿದೆ? ತಲೆಯಲ್ಲೋ, ಹೊಟ್ಟೆಯಲ್ಲೋ? ಅಲ್ಲಿ ಮುಖಂಡ ಯಾರು? ಮುಖಂಡನಿಲ್ಲದೆ ಒಂದು ಸಾಲು ನೆಟ್ಟಗೆ ನಿಂತದ್ದನ್ನು ನನ್ನ ಸರ್ವಿಸಿನಲ್ಲಿ ನೋಡಿಲ್ಲ. ಮತ್ತೆ, ಯಂತ್ರಕ್ಕೆ ಸೀಟಿ ಯಾಕೆ ಬೇಕು? ಅದೇನು ಆಗಸ್ಟ್ ಹದಿನೈದಕ್ಕೆ ಪರೇಡ್ ಮಾಡುತ್ತದೆಯೇ?

ನಾನು ಕೇಳುತ್ತಿರುವುದು ಕಾಲೆಳೆಯಲು ಎಂದುಕೊಳ್ಳಬೇಡ. ಖರೇ ತಿಳಿಯಬೇಕಾಗಿದೆ. ಮಗಳು ಮೈ ಜುಮ್ಮೆನ್ನುತ್ತದೆ ಎಂದು ಬರೆದ ವಿಷಯ ಅಪ್ಪನಿಗೆ ಗೊತ್ತಿರದಿದ್ದರೆ ಹೇಗೆ?

ಉಳಿದ ಮಾತು ಆಮೇಲೆ.

ಶಂಭುಲಿಂಗ

*

ರಾಣೆಬೆನ್ನೂರು
೨೧ ಆಗಸ್ಟ್ ೨೦೨೪

ಅಪ್ಪನಿಗೆ,

ಸೀಟಿ ಸಿಕ್ಕಿತು. ಅದರಿಂದ ಈಗಲೂ ಜೋಳದ ಹಿಟ್ಟು ಉದುರುತ್ತದೆ.

ನಿನ್ನ ಅನುಮಾನಕ್ಕೆ ಉತ್ತರ ಕೇಳಿ ನಿನಗೆ ಬೇಜಾರಾಗಬಹುದು. ಬುದ್ಧಿ ಎಲ್ಲೂ ಇಲ್ಲ, ಮುಖಂಡನೂ ಇಲ್ಲ. ಪ್ರತಿಯೊಂದು ಭಾಗಕ್ಕೂ ಒಂದೇ ಸಣ್ಣ ಕೆಲಸ ಗೊತ್ತು. ನಮ್ಮ ಮೈದಾನದಲ್ಲಿ ಮನೋಹರ ಎಂಬ ಹುಡುಗನಿಗೆ ಮುಂದಿನ ಆಜ್ಞೆ ಎಷ್ಟನೇ ಡಬ್ಬಿಯಲ್ಲಿದೆ ಎಂಬ ಅಂಕಿಯೊಂದೇ ನೆನಪಿರಬೇಕು. ಗುತ್ತಲದ ಸುಧಾರಾಣಿಗೆ ಕೂಡಿಸುವುದೊಂದೇ ಗೊತ್ತು. ಕರ್ಜಗಿಯ ಅಜೀಮನಿಗೆ ಇಲ್ಲಿಂದ ಅಲ್ಲಿಗೆ ಒಯ್ಯುವುದೊಂದೇ ಗೊತ್ತು. ಉಳಿದವರು ತಮ್ಮ ಬುತ್ತಿಯ ಡಬ್ಬಿ ಮುಂದಿಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಅದು ಯಂತ್ರದ ನೆನಪು. ಕೆಲವು ಡಬ್ಬಿಗಳಲ್ಲಿ ಆಜ್ಞೆಯ ಚೀಟಿ, ಕೆಲವುಗಳಲ್ಲಿ ಲೆಕ್ಕದ ಹರಳು.

ಸೀಟಿ ಬೇಕಾದದ್ದು ಇದಕ್ಕೆ: ಒಬ್ಬರು ಕೊಡುವ ಮೊದಲೇ ಇನ್ನೊಬ್ಬರು ತೆಗೆದುಕೊಳ್ಳಲು ಕೈ ಚಾಚಿದರೆ ಎಲ್ಲ ಕೆಡುತ್ತದೆ. ಹೆಜ್ಜೆಗೊಂದು ಸೀಟಿ. ನಿಜವಾದ ಯಂತ್ರದಲ್ಲಿ ಆ ಸೀಟಿ ಒಂದು ಸೆಕೆಂಡಿನಲ್ಲಿ ಕೋಟಿಗಟ್ಟಲೆ ಸಲ ಊದುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು. ಆಜ್ಞೆಯೂ ಅಂಕಿಯೂ ಒಂದೇ ಸಾಲಿನ ಡಬ್ಬಿಗಳಲ್ಲಿ ಇರುತ್ತವೆ. ಯಂತ್ರದೊಳಗೆ ಎರಡಕ್ಕೂ ರೂಪ ಒಂದೇ, ನೋಡಿದರೆ ಗುರುತು ಸಿಗದು. ಮನೋಹರ ಹೇಳಿದ ಡಬ್ಬಿಯಲ್ಲಿದ್ದರೆ ಅದು ಆಜ್ಞೆ. ಆಜ್ಞೆ ತರಲು ಹೇಳಿದ ಡಬ್ಬಿಯಲ್ಲಿದ್ದರೆ ಅದು ಅಂಕಿ. ಅದಕ್ಕೇ ಒಂದೇ ಯಂತ್ರ ಇವತ್ತು ಕೂಡಿಸುತ್ತದೆ, ನಾಳೆ ಹಾಡು ಹೇಳುತ್ತದೆ. ಯಂತ್ರ ಬದಲಿಸಬೇಕಿಲ್ಲ, ಡಬ್ಬಿಯೊಳಗಿನದನ್ನು ಬದಲಿಸಿದರೆ ಸಾಕು. ಇದನ್ನು ಮೊದಲು ಯೋಚಿಸಿದವರ ಕಾಲಿಗೆ ಬೀಳಬೇಕೆನಿಸುತ್ತದೆ.

ಇಷ್ಟು ಬರೆದೆನಲ್ಲ, ಮೈದಾನದಲ್ಲಿ ಆದದ್ದು ಬೇರೆ. ಸೀಟಿ ಊದಿದ ಕೂಡಲೇ ಎಲ್ಲ ಡಬ್ಬಿಗಳೂ ಒಟ್ಟಿಗೆ ಎದ್ದವು. ಅಜೀಮ ಕೆಸರಿನಲ್ಲಿ ಜಾರಿದ. ಕಿಟಕಿಯಲ್ಲಿ ಇಡೀ ಮೆಕ್ಯಾನಿಕಲ್ ವಿಭಾಗ ನಿಂತು ನಕ್ಕಿತು. ನಾನೂ ನಕ್ಕೆ, ಆಮೇಲೆ ರೂಮಿಗೆ ಬಂದು ಅತ್ತೆ.

ದ್ರಾಕ್ಷಾಯಿಣಿ

*

ಬ್ಯಾಡಗಿ
೨೭ ಆಗಸ್ಟ್ ೨೦೨೪

ದ್ರಾಕ್ಷಿ,

ಅಳುವುದಕ್ಕೆ ಏನಾಯಿತು? ಮೊದಲ ದಿನ ಯಾವ ಟೀಮು ನೆಟ್ಟಗೆ ಆಡಿದೆ?

ನಿನ್ನ ಕಾಗದ ಮೂರು ಸಲ ಓದಿದೆ. ಮುಖಂಡನಿಲ್ಲ ಎಂಬುದು ಇನ್ನೂ ಗಂಟಲಲ್ಲಿ ಇಳಿದಿಲ್ಲ. ಆದರೆ ಡಬ್ಬಿಯೊಳಗಿನದು ಬದಲಾದರೆ ಯಂತ್ರದ ಕೆಲಸವೇ ಬದಲಾಗುತ್ತದೆ ಎಂದೆಯಲ್ಲ, ಅದನ್ನು ಓದಿ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆ. "ಏನ್ ಆತ್ರಿ?" ಎಂದು ನಿನ್ನವ್ವ ಕೇಳಿದಳು. "ಭಾರೀ ಐತಿ ಇದು" ಎಂದೆ. ಅಷ್ಟೇ ಹೇಳಲು ಬಂದದ್ದು.

ಈಗ ಮಾಸ್ತರನಾಗಿ ಹೇಳುತ್ತೇನೆ, ಕೇಳು. ನಿನ್ನ ನೆನಪಿನ ಸಾಲು ಕೂತಿರುವುದು ಥೇಟ್ ಖೋಖೋ ಆಟಗಾರರ ಹಾಗೆ. ಅಲ್ಲಿ ಕೂತವರು ತಾವಾಗಿ ಏಳುತ್ತಾರೆಯೇ? ಬೆನ್ನ ಹಿಂದೆ "ಖೋ" ಬಿದ್ದ ಮೇಲಷ್ಟೇ ಏಳುತ್ತಾರೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಕಲಿಸಬೇಕಿಲ್ಲ. ಮನೋಹರ ಅಂಕಿ ಕೂಗಿ "ಖೋ" ಎನ್ನಲಿ, ಆ ಡಬ್ಬಿ ಮಾತ್ರ ಏಳಲಿ. ಉಳಿದವರು ಕಣ್ಣು ಮಿಟುಕಿಸಬಾರದು. ಓಡುವವನು ಬಲಗಡೆಯಿಂದ ಹೋಗಿ ಎಡಗಡೆಯಿಂದ ಬರಲಿ, ಸುಣ್ಣದ ಗೆರೆ ಹಾಕು. ಹರಳು ಬಿಟ್ಟುಬಿಡು, ದೂರದಿಂದ ಕಾಣುವುದಿಲ್ಲ. ನಿನ್ನವ್ವ ಒಂದು ಚೀಲ ಒಣಮೆಣಸಿನಕಾಯಿ ಕಳಿಸಿದ್ದಾಳೆ, ತೊಟ್ಟು ಸಮೇತ. ಬ್ಯಾಡಗಿಯ ಕೆಂಪು ಮೈದಾನದ ಆಚೆಯಿಂದಲೂ ಕಂಡೀತು.

ಈ ಉಪಾಯ ನಿನಗೇ ಹೊಳೆಯಬೇಕಿತ್ತು. ಆ ಸಾಲಿನಲ್ಲಿ ಕೂತು ಬೆಳೆದವಳು ನೀನು.

ಶಂಭುಲಿಂಗ

*

ರಾಣೆಬೆನ್ನೂರು
೧೮ ಸೆಪ್ಟೆಂಬರ್ ೨೦೨೪

ಅಪ್ಪ,

ನಡೆಯಿತು! "ನಾಲ್ಕು, ಖೋ!" ಎಂದರೆ ನಾಲ್ಕನೆಯ ಡಬ್ಬಿ ಮಾತ್ರ ಏಳುತ್ತದೆ. ಹುಡುಗರು ಪ್ಯಾಂಟು ಮಡಚಿಕೊಂಡು ಬರುತ್ತಾರೆ, ಹುಡುಗಿಯರು ದುಪಟ್ಟಾ ಸೊಂಟಕ್ಕೆ ಬಿಗಿದು ಬರುತ್ತಾರೆ. ಮೊನ್ನೆ ಸುಧಾರಾಣಿ, "ಮೇಡಂ, ಕಂಪ್ಯೂಟರಿನ್ಯಾಗ ಖರೇನ ಹಿಂಗ ಓಡ್ಯಾಡ್ತಾರೇನ್ರಿ?" ಎಂದು ಕೇಳಿದಳು. ಮೊದಲ ಪರೀಕ್ಷೆಯಲ್ಲಿ ಬಿಳಿ ಹಾಳೆ ಕೊಟ್ಟವಳು ಅವಳು. ಆ ಪ್ರಶ್ನೆಗೆ ನಾನು ಕುಣಿಯುವುದೊಂದು ಬಾಕಿ.

ಆದರೆ ಹೊಸ ಪೀಕಲಾಟ ಶುರುವಾಗಿದೆ. ಲೆಕ್ಕ ಒಂದು ಕಡಿಮೆ ಬರುತ್ತದೆ. ಮೂರು ಮತ್ತು ನಾಲ್ಕು ಕೂಡಿಸಿದರೆ ಆರು. ಐದು ಮತ್ತು ಐದು ಒಂಬತ್ತು. ದೊಡ್ಡ ಲೆಕ್ಕವಾದರೂ ಸಣ್ಣದಾದರೂ ಕಡಿಮೆ ಬೀಳುವುದು ಒಂದೇ ಒಂದು ಮೆಣಸಿನಕಾಯಿ.

ನಡೆಯುವ ಕ್ರಮ ಹೇಳುತ್ತೇನೆ, ನೀನೂ ಯೋಚಿಸು. ಅಜೀಮ ಸಣ್ಣ ಡಬ್ಬಿ ಹಿಡಿದು ಅಂಕಿ ಇರುವವರ ಹತ್ತಿರ ಹೋಗುತ್ತಾನೆ. ಅವರು ತಮ್ಮಲ್ಲಿ ಎಷ್ಟಿದೆಯೋ ಅಷ್ಟೇ ಮೆಣಸಿನಕಾಯಿಯನ್ನು ಪಕ್ಕದಲ್ಲಿಟ್ಟ ಬುಟ್ಟಿಯಿಂದ ಎಣಿಸಿ ಅವನ ಡಬ್ಬಿಗೆ ಹಾಕುತ್ತಾರೆ. ತಮ್ಮದು ತಮ್ಮಲ್ಲೇ ಉಳಿಯಬೇಕು, ಏಕೆಂದರೆ ಯಂತ್ರ ಓದಿದ್ದನ್ನು ಅಳಿಸುವುದಿಲ್ಲ. ಅಜೀಮ ಅದನ್ನು ಸುಧಾರಾಣಿಗೆ ಒಯ್ದು ಕೊಡುತ್ತಾನೆ. ಅವಳು ತನ್ನ ದೊಡ್ಡ ಡಬ್ಬಿಗೆ ಸುರಿದುಕೊಂಡು ಸಣ್ಣ ಡಬ್ಬಿ ಮರಳಿಸುತ್ತಾಳೆ. ಅವನು ಮುಂದಿನವರ ಹತ್ತಿರ ಓಡುತ್ತಾನೆ. ಕೊನೆಗೆ ಸುಧಾರಾಣಿಯಲ್ಲಿ ಇದ್ದದ್ದೇ ಉತ್ತರ. ಲೆಕ್ಕ ಮುಗಿದ ಮೇಲೆ ಎಲ್ಲವನ್ನೂ ಬುಟ್ಟಿಗೆ ಸುರಿದು ಹೊಸದಾಗಿ ಶುರು ಮಾಡುತ್ತೇವೆ.

ಇಷ್ಟರಲ್ಲಿ ತಪ್ಪು ಎಲ್ಲಿ? ಎರಡು ವಾರದಿಂದ ಇಡೀ ಕ್ಲಾಸು ಇದೇ ಜಗಳದಲ್ಲಿದೆ. ಮುಖ್ಯಸ್ಥರು ಅಕ್ಟೋಬರ್ ಐದಕ್ಕೆ ನೋಡಲು ಬರುತ್ತಾರೆ. "ಕಂಪ್ಯೂಟರ್ ಅಂದ ಮ್ಯಾಲ ಲೆಕ್ಕ ತಪ್ಪಬಾರ್ದು ಮೇಡಂ. ತಪ್ಪಿದ್ರ ಈ ಆಟ ಬಂದ್ ಮಾಡಿ ವಿಷಯ ಬ್ಯಾರೇದವರಿಗೆ ಕೊಟ್ಟುಬಿಡೂಣು" ಎಂದಿದ್ದಾರೆ. ಪರೀಕ್ಷೆಯವರೆಗೂ ಕಾಯುವುದಿಲ್ಲವಂತೆ. ಈ ಕ್ಲಾಸು ಕೈ ತಪ್ಪಿದರೆ ನಾನು ತಡೆದುಕೊಳ್ಳಲಾರೆ ಅಪ್ಪ.

ದ್ರಾಕ್ಷಾಯಿಣಿ

*

ಬ್ಯಾಡಗಿ
೨೩ ಸೆಪ್ಟೆಂಬರ್ ೨೦೨೪

ದ್ರಾಕ್ಷಿ,

ಮನೆಯಲ್ಲಿ ನಾನೂ ನಿನ್ನವ್ವನೂ ಅಡಿಗೆಮನೆಯ ವಾಟೆ, ಬಟ್ಟಲುಗಳಲ್ಲಿ ಮೆಣಸಿನಕಾಯಿ ಇಟ್ಟುಕೊಂಡು ನಿನ್ನ ಲೆಕ್ಕ ಮಾಡಿ ನೋಡಿದೆವು. ನಾನು ಓಡುವವನು, ಅವಳು ಕೂಡಿಸುವವಳು. ನಮಗೂ ಒಂದು ಕಡಿಮೆ ಬಂತು! ಇದೆಂಥ ಮಾಟವೋ ತಿಳಿಯದು. ಅವಳು ನುಂಗಿದಳೆಂದು ನಾನು, ನಾನು ಬೀಳಿಸಿದೆನೆಂದು ಅವಳು. ಆ ರಾತ್ರಿ ಊಟಕ್ಕೆ ಸಾರು ಸಪ್ಪಗಿತ್ತು.

ನನ್ನ ಅಂದಾಜು ಕೇಳುವುದಾದರೆ ತಪ್ಪು ಸೀಟಿಯದು. ನೀನು ಅವಸರದಲ್ಲಿ ಊದುತ್ತೀಯ, ಓಡುವ ಹುಡುಗನ ಕೈ ನಡುಗಿ ಒಂದು ಬೀಳುತ್ತದೆ. ನಿಧಾನ ಊದು. ಐದನೇ ತಾರೀಖು ನಾನೇ ಬಂದು ಊದಲೇ? ನೀನು ಬಾ ಎಂದರೆ ಬರುತ್ತೇನೆ, ಬೇಡವೆಂದರೆ ಇಲ್ಲ.

ನಿನ್ನವ್ವನದೊಂದು ದೂರು ಇದೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ: "ಕಾಗದ ಬರ್ತೈತಿ, ಖರೇ. ಆದ್ರ ಡಬ್ಬಿ ಖಾಲಿ ಬರ್ತೈತಿ. ಹಿಂಗ ಖಾಲಿ ಡಬ್ಬಿ ಕಳಸೂದ ನಾ ಕಲಸೇನೇನು? ಯಾರ ಮನಿದ ಆಗ್ಲಿ, ಭಾಂಡೆ ತಿರುಗಿ ಕೊಡೂಮುಂದ ಒಂದ ಹಳ್ಳ, ಒಂದ ಕಾಳ ಸಕ್ಕರಿನರ ಹಾಕಿ ಕೊಡಬೇಕು." ನಾನು ನಡುವೆ ಬಾಯಿ ಹಾಕಿಲ್ಲ.

ಶಂಭುಲಿಂಗ

*

ರಾಣೆಬೆನ್ನೂರು
೨೫ ಸೆಪ್ಟೆಂಬರ್ ೨೦೨೪

ಅಪ್ಪ,

ಸಿಕ್ಕಿತು! ಅವ್ವನಿಗೆ ಹೇಳು, ಅವಳ ದೂರಿನಲ್ಲೇ ಸಿಕ್ಕಿತು.

ನಿನ್ನ ಕಾಗದ ಓದುತ್ತ ಉಣ್ಣುತ್ತಿದ್ದೆ. "ಒಂದ ಹಳ್ಳ ಸಕ್ಕರಿ" ಎಂಬಲ್ಲಿಗೆ ಬಂದಾಗ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಎಂಜಲು ಕೈಯಲ್ಲೇ ಕ್ಲಾಸಿಗೆ ಓಡಿದೆ. ಎಲ್ಲರನ್ನೂ ಮೈದಾನಕ್ಕೆ ಕರೆದು ಮೂರು ಮತ್ತು ನಾಲ್ಕು ಕೂಡಿಸಿ ಎಂದೆ. ಈ ಸಲ ಓಡುವ ಕಾಲು ನೋಡಲಿಲ್ಲ, ಸುಧಾರಾಣಿಯ ಕೈಯನ್ನೇ ನೋಡುತ್ತ ನಿಂತೆ. ಅಜೀಮ ಕೊಟ್ಟದ್ದನ್ನು ಅವಳು ಸುರಿದುಕೊಂಡಳು. ಡಬ್ಬಿ ಮರಳಿಸುವ ಮೊದಲು ಒಂದು ಮೆಣಸಿನಕಾಯಿ ಎತ್ತಿ ಅದರೊಳಗೆ ಹಾಕಿದಳು. ಪ್ರತಿ ಸಲವೂ ಹಾಕಿದಳು. ಮೊದಲು ಹಾಕಿದ್ದು ಮುಂದಿನ ಸುತ್ತಿನಲ್ಲಿ ಅವಳಿಗೇ ಮರಳಿತು, ಕಡೆಯ ಸಲ ಹಾಕಿದ ಒಂದು ಮಾತ್ರ ಅಜೀಮನ ಡಬ್ಬಿಯಲ್ಲೇ ಉಳಿದಿತ್ತು.

"ಇದೇನ ಸುಧಾರಾಣಿ?" ಎಂದೆ.

"ಖಾಲಿ ಡಬ್ಬಿ ಹೆಂಗ ಕೊಡೂದ್ರಿ ಮೇಡಂ? ನಮ್ಮವ್ವ ಬೈತಾಳ."

"ಅಜೀಮ, ನೀ ನೋಡಲಿಲ್ಲೇನು?"

"ನೋಡೇನ್ರಿ. ನಮ್ಮ ಮನ್ಯಾಗೂ ಹಂಗ ಕೊಡ್ತಾರ್ರಿ. ಅದರಾಗ ತಪ್ಪೇನೈತಿ ಅಂತ ಸುಮ್ನಿದ್ದೆ."

ತಪ್ಪೇನಿದೆ, ಹೇಳು! ಮೂರು ವಾರ ಎಲ್ಲರೂ ನೋಡಿದ್ದೇವೆ, ಯಾರಿಗೂ ಕಂಡಿಲ್ಲ. ನಾನೂ ಎಷ್ಟೋ ಸಲ ಪಕ್ಕದಲ್ಲೇ ನಿಂತಿದ್ದೆ. ನೀನು ಅವ್ವನ ಮೇಲೆ ಹೊರಿಸಿದ ಆಪಾದನೆ ವಾಪಸು ತೆಗೆದುಕೋ, ಅವಳು ನುಂಗಿಲ್ಲ. ನಿನ್ನ ವಾಟೆಗೇ ಹಾಕಿ ಕೊಟ್ಟಿದ್ದಾಳೆ.

ಯಂತ್ರಕ್ಕೆ ಇಂಥ ಸಂಕೋಚವಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತದೆ ಎಂದು ವಿವರಿಸಿದೆ. ಎಲ್ಲರೂ ಒಪ್ಪಿದರು. ಆದರೆ ಸುಧಾರಾಣಿಯ ಕೈ ಏಳಲಿಲ್ಲ. ಖಾಲಿ ಡಬ್ಬಿ ಚಾಚುವಾಗ ಅವಳ ಮುಖ ನೋಡಬೇಕಿತ್ತು, ಏನೋ ಕದ್ದವಳ ಹಾಗೆ. ಕೊನೆಗೆ ಒಂದು ಚೀಟಿಯ ಮೇಲೆ ದೊಡ್ಡದಾಗಿ ಸೊನ್ನೆ ಬರೆದು ಅವಳ ಕೈಗೆ ಕೊಟ್ಟೆ. "ಇದನ್ನ ಹಾಕಿ ಕೊಡು. ಯಂತ್ರದಾಗ ಖಾಲಿ ಅನ್ನೂದ ಇಲ್ಲ. ಸೊನ್ನಿ ಇರ್ತೈತಿ. ಸೊನ್ನಿನೂ ಒಂದು ಬೆಲೆ" ಎಂದೆ. ಅವಳ ಮುಖ ಅರಳಿತು. ಅಂದಿನ ಮೂರು ಮತ್ತು ನಾಲ್ಕು, ಏಳಾಯಿತು.

ಸಂತೋಷದ ಮಾತು ಇನ್ನೂ ಇದೆ. ಕಳೆದುಹೋದ ಮೆಣಸಿನಕಾಯಿ ಹುಡುಕುತ್ತ ಹುಡುಕುತ್ತ ಪ್ರತಿಯೊಬ್ಬರಿಗೂ ಯಂತ್ರದ ಪ್ರತಿ ಹೆಜ್ಜೆಯೂ ಬಾಯಿಗೆ ಬಂದಿದೆ. ನಾನು ಕಲಿಸಿದ್ದಲ್ಲ, ಅವರೇ ಜಗಳಾಡಿ ಕಲಿತದ್ದು.

ಐದನೇ ತಾರೀಖು ಬಾ ಅಪ್ಪ. ನಿನ್ನ ಸೀಟಿಯನ್ನೇ ತಾ.

ದ್ರಾಕ್ಷಿ

*

ಬ್ಯಾಡಗಿ
೭ ಅಕ್ಟೋಬರ್ ೨೦೨೪

ದ್ರಾಕ್ಷಿ,

ಮೊನ್ನೆ ನಿಮ್ಮ ಬಸ್ ಸ್ಟ್ಯಾಂಡಿನಲ್ಲಿ ಹೇಳಬೇಕೆಂದಿದ್ದೆ. ಬರೀ "ಉಂಡಿಯೇನ?" ಎಂದು ಕೇಳಿ ಬಸ್ಸು ಹತ್ತಿದೆ. ಬರೆಯುವಾಗ ನಡುವೆ ಬಾಯಿ ಹಾಕುವವರಿಲ್ಲ. ನಾನೇ ನನ್ನ ನಡುವೆ ಬಾಯಿ ಹಾಕುವುದೂ ತಪ್ಪುತ್ತದೆ.

ಆರನ್ನು ನಾಲ್ಕರಿಂದ ಗುಣಿಸಿ ಎಂದು ನಿಮ್ಮ ಮುಖ್ಯಸ್ಥರು ಥಟ್ಟನೆ ಕೇಳಿದಾಗ ನಾನು ಸೀಟಿ ಕೆಳಗಿಳಿಸಿದೆ. ಗುಣಿಸುವುದು ಅಲ್ಲಿ ಯಾರಿಗೂ ಗೊತ್ತಿಲ್ಲವಲ್ಲ! ನೀನು ನಾಲ್ಕಾರು ಡಬ್ಬಿಗಳಲ್ಲಿ ಚೀಟಿ ಬದಲಿಸಿ ಪಕ್ಕಕ್ಕೆ ನಿಂತೆ. ನಾನು ಊದಿದೆ. ಆರು ಬಂತು. ಮತ್ತೆ ಊದಿದೆ. ಮನೋಹರ ಹಿಂದಿನ ಡಬ್ಬಿಗೆ ಖೋ ಕೊಟ್ಟ, ಇನ್ನೊಂದು ಆರು ಬಂತು. ಮತ್ತೆ ಹಿಂದಕ್ಕೆ, ನಾಲ್ಕನೆಯ ಆರು ಬರುವವರೆಗೆ. ಓಡುವ ಹುಡುಗನಿಗೆ ತಾನು ಗುಣಾಕಾರದಲ್ಲಿದ್ದೇನೆಂದು ಗೊತ್ತಿಲ್ಲ. ಸುಧಾರಾಣಿಗೆ ಗೊತ್ತಿಲ್ಲ. ಊದುತ್ತಿದ್ದ ನನಗೂ ಗೊತ್ತಿಲ್ಲ. ಕೊನೆಗೆ ಅವಳು ಎಣಿಸಿ "ಇಪ್ಪತ್ನಾಲ್ಕ್ರಿ ಸರ್" ಎಂದಾಗ ನನ್ನ ಬಾಯಿಂದ ಸೀಟಿ ಬಿತ್ತು.

ಸರ್ವಿಸಿನುದ್ದಕ್ಕೂ ಸೀಟಿ ಊದಿದವನೇ ಮುಖಂಡ ಎಂದುಕೊಂಡಿದ್ದೆ. ಸೀಟಿಗೆ "ಈಗ" ಎನ್ನುವುದು ಬಿಟ್ಟು ಬೇರೇನೂ ಗೊತ್ತಿಲ್ಲ ಎಂದು ಅಲ್ಲಿ ನಿಂತು ಅರಿತೆ. ಎಲ್ಲ ಗೊತ್ತಿದ್ದವಳು ಕೈ ಕಟ್ಟಿಕೊಂಡು ಬೇವಿನ ಗಿಡದ ಕೆಳಗೆ ನಿಂತಿದ್ದಳು. ಅವಳಿಗೆ ಕೂಗಬೇಕಿರಲಿಲ್ಲ. ಆಕೆ ನನ್ನ ಮಗಳು ಎಂದು ಪಕ್ಕದಲ್ಲಿ ನಿಂತ ಜವಾನನಿಗೆ ಹೇಳಿದೆ. ಅವನು ಕೇಳಿರಲಿಲ್ಲ, ನಾನೇ ಹೇಳಿದೆ.

ಎಷ್ಟು ದಿನ ನಿಲ್ಲುತ್ತಾಳೆ ಎಂದು ಯುಗಾದಿಯ ದಿನ ಕೇಳಿದವನು ನಾನು. ಉತ್ತರ ಕಣ್ಣಾರೆ ನೋಡಿ ಬಂದೆ.

ನಿನ್ನ ಅಪ್ಪ

*

ರಾಣೆಬೆನ್ನೂರು
೨೬ ಅಕ್ಟೋಬರ್ ೨೦೨೪

ಅಪ್ಪ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಕಣ್ಣು ತುಂಬಿ ಎದ್ದುಹೋಗುತ್ತಿದ್ದೆ. ಅದೇ ಉತ್ತರ ಎಂದುಕೋ.

ಪರೀಕ್ಷೆಯ ಫಲಿತಾಂಶ ಇವತ್ತು ಬಂತು. ಮೂವರು ಮಾತ್ರ ಫೇಲಾಗಿದ್ದಾರೆ, ಅವರನ್ನು ಸೋಮವಾರದಿಂದ ಮತ್ತೆ ಕೂರಿಸುತ್ತೇನೆ. ಸುಧಾರಾಣಿ ಹಾಳೆಯ ತುಂಬ ಬರೆದಿದ್ದಾಳೆ, ಅಂಚಿನಲ್ಲಿ ಸಣ್ಣ ಮೆಣಸಿನಕಾಯಿಯ ಚಿತ್ರವನ್ನೂ ಬರೆದಿದ್ದಾಳೆ. ವಿಷಯ ನನ್ನಲ್ಲೇ ಉಳಿಯಿತು. ಮುಂದಿನ ವರ್ಷವೂ ಮೈದಾನಕ್ಕೆ ಸುಣ್ಣ ಹಾಕಿಸಿಕೊಡುವುದಾಗಿ ಮುಖ್ಯಸ್ಥರೇ ಹೇಳಿದ್ದಾರೆ.

ಇದನ್ನು ಬಸ್ಸಿಗೆ ಮುಟ್ಟಿಸುವ ಗಡಿಬಿಡಿಯಲ್ಲಿ ಅವ್ವನ ಡಬ್ಬಿಗೆ ಹಾಕಲು ರೂಮಿನಲ್ಲಿ ಒಂದು ಹಳ್ಳ ಸಕ್ಕರೆಯೂ ಸಿಗಲಿಲ್ಲ. ಅವತ್ತು ಸುಧಾರಾಣಿ ಹಾಕಿಕೊಟ್ಟ ಸೊನ್ನೆಯ ಚೀಟಿ ಇಟ್ಟಿದ್ದೇನೆ. ಡಬ್ಬಿ ಖಾಲಿಯಲ್ಲ ಎಂದು ಅವ್ವನಿಗೆ ನೀನೇ ತಿಳಿಸಿ ಹೇಳು.

ದ್ರಾಕ್ಷಿ

*

ಬ್ಯಾಡಗಿ
೨೮ ಅಕ್ಟೋಬರ್ ೨೦೨೪

ದ್ರಾಕ್ಷಿ,

ನಾ ಬರಿಯಾಕತ್ತಿದ್ದ ನೋಡಿ ನಿ‍ಮ್ಮಪ್ಪ ನಗಾಕತ್ತಾನ. ನಗಲಿ. ಇಷ್ಟ ದಿನ ನೀವಿಬ್ರೂ ಬರದ್ರಿ, ನಾ ರೊಟ್ಟಿ ಬಡದೆ. ಇವತ್ತ ನಂದೂ ಒಂದ ನಾಕ ಸಾಲು ಇರ್ಲಿ.

ನಿನ್ನ ಸೊನ್ನಿ ಚೀಟಿ ಬಂತು. ಇದು ಖಾಲಿ ಅಲ್ಲ, ಇದಕ್ಕೂ ಬೆಲಿ ಐತಿ ಅಂತ ನಿಮ್ಮಪ್ಪ ಒಂದ ತಾಸ ಪಾಠ ಹೇಳಿದ. ನಂಗ ತಿಳೀತು. ತಿಳಿದಂಗ ಮಾಡಿದ್ದಲ್ಲ, ಖರೇನ ತಿಳೀತು. ಅದನ್ನ ನಿನ್ನ ಖೋಖೋ ಕಪ್ಪಿನ ಬಾಜೂಕ ಗ್ವಾಡಿಗೆ ಹಚ್ಚ್ಯಾನ. ಬಂದವರಿಗೆಲ್ಲಾ ತೋರಸ್ತಾನ.

ಆದ್ರ ಒಂದ ಮಾತು ನಿಮಗಿಬ್ರಿಗೂ ತಿಳಿದಿಲ್ಲ. ಯುಗಾದಿಯಿಂದ ದಿನಾ ಸಂಜಿಕ ನಾ ಡಬ್ಬಿ ತರಾಕ ಬಸ್ ಸ್ಟ್ಯಾಂಡಿಗೆ ಹೋಗ್ತೇನಿ. ಶಮಶೇರಸಾಬ ಡಬ್ಬಿ ಕೊಡೂಮುಂದ ನಾ ಡಬ್ಬಿ ನೋಡೂದಿಲ್ಲ. ಅವನ ಹಿಂದಿನ ಬಾಗಲಾ ನೋಡ್ತೇನಿ, ನೀ ಇಳೀತೀಯೇನೋ ಅಂತ. ಎಲ್ಲಾರೂ ಇಳದ ಮ್ಯಾಲ ಅಂವ "ಇಷ್ಟ ಅಕ್ಕಾರ" ಅಂತಾನ. ನಾ ಡಬ್ಬಿ ತಗೊಂಡ ಬರ್ತೇನಿ.

ದೀಪಾವಳಿಗೆ ಡಬ್ಬಿ ಖಾಲಿ ಬಂದ್ರೂ ನಡೀತೈತಿ. ಬಸ್ಸು ಖಾಲಿ ಬರೂದು ಬ್ಯಾಡ.

ನಿನ್ನ ಅವ್ವ,
ದೇವವ್ವ